ಉಪ್ಪುಗುಡ್ಡದ ರೇಡಿಯೋ ಕಂಬ

ಹಿಂದೆ ಒಮ್ಮೆ, ಹಾಲೂರು ನಗರಕ್ಕೆ ವಿದ್ಯುತ್ ದೀಪ ಬಂದ ಹೊಸತರಲ್ಲಿ, ಹನ್ನೆರಡು ಜೋಡಿ ಎತ್ತುಗಳು ಒಂದು ರೇಡಿಯೋ ಕಂಬವನ್ನು ತುಂಡು ತುಂಡಾಗಿ ಕರಿಗುಡ್ಡದ ನೆತ್ತಿಗೆ ಎಳೆದು ತಂದವು. ಜೊತೆಗೆ ಬಂದವನು ಪಟ್ಟಾಭಿ ಎಂಬ ಇಂಜಿನಿಯರ್. ಕೆಲಸ ಬಲ್ಲವನು. ಕಂಬ ನಿಲ್ಲಿಸಿದ. ಬುಡದಲ್ಲಿ ಗುಂಡಿ ತೋಡಿ, ತಾಮ್ರದ ಹಲಗೆ ಹೂತು, ಮೇಲೆ ಉಪ್ಪು, ಇದ್ದಿಲು ತುಂಬಿಸಿದ. ಕಂಬದ ತಂತಿ ಆ ಹಲಗೆಗೆ ಸೇರಿ, ಗುಂಡಿ ಸದಾ ಹಸಿಯಾಗಿದ್ದರೆ ಮಾತ್ರ ದನಿ ದೂರ ಹೋಗುತ್ತದೆ. ನೆತ್ತಿ ಬರೀ ಬಂಡೆ, ತೇವ ನಿಲ್ಲದು. ಆದ್ದರಿಂದ ದಿನವೂ ಬೆಳಿಗ್ಗೆ ಆಳುಗಳು ಗುಂಡಿಗೆ ಉಪ್ಪು ಹಾಕಿ ನೀರು ಹುಯ್ಯುತ್ತಿದ್ದರು.

ಬೆಳಿಗ್ಗೆ ದನಿ ಚೆನ್ನಾಗಿ ಹೋಗುತ್ತಿತ್ತು. ಹೊತ್ತು ಇಳಿಯುವಾಗ ಸೋಲುತ್ತಿತ್ತು. ದನಿ ಕಳಿಸುವ ಯಂತ್ರ ಬಿಸಿಲಿಗೆ ಕಾದುಹೋಗುತ್ತಿದೆ ಎಂದುಕೊಂಡು ಪಟ್ಟಾಭಿ ಹತ್ತು ದಿನ ಅದನ್ನೇ ಬಿಚ್ಚಿದ, ಜೋಡಿಸಿದ. ಭಾನುವಾರ ಸಂಜೆ ಮೇಲಧಿಕಾರಿಗಳು ಹಾಲೂರಿನ ಪೇಟೆ ಚೌಕದಲ್ಲಿ ನಿಂತು ಕೇಳುವವರಿದ್ದರು. ಕೇಳಿಸದಿದ್ದರೆ ಕಂಬ ಬೇರೆ ಊರಿಗೆ. ಗುಡ್ಡದಲ್ಲಿ ಕುರಿ ಮೇಯಿಸುತ್ತಿದ್ದ ಸಿರಿಯಮ್ಮ ಎಂಬ ಹೆಂಗಸು ಅವನಿಗೆ ದಿನಾ ಮಜ್ಜಿಗೆ ಕೊಡುತ್ತಿದ್ದಳು. ಶುಕ್ರವಾರ ಅವನು ಮಜ್ಜಿಗೆ ಬೇಡವೆಂದ. ಕಾರಣ ಕೇಳಿದಳು. ಹೇಳಿದ. ಆ ಗುಡ್ಡ ಬಿಟ್ಟರೆ ಅವಳ ಕುರಿಗಳಿಗೆ ಬೇರೆ ಮೇವಿರಲಿಲ್ಲ. ಆದರೂ ಅವಳು ನಿಜ ಹೇಳಿದಳು.

"ಹೊತ್ತು ಇಳಿಯೋ ಯಾಳ್ಯಕ್ಕೇ ನನ್ ಕುರಿ ಆ ಗುಂಡಿ ಕೆದರಿ ಉಪ್ಪು ತಿಂತವೆ ಸಾಮಿ."

"ಗುಂಡಿ ಮುಚ್ಚೇ ಇರುತ್ತಲ್ಲಮ್ಮ?"

"ನಾನೇ ಮುಚ್ತಿದ್ದೆ. ಗೊತ್ತಾದ್ರೆ ಬೇಲಿ ಬಡಿದು ನಮ್ಮನ್ನ ಓಡಿಸ್ತೀರಲ್ಲ."

ಕೆದರಿದ ಗುಂಡಿ ಬಿಸಿಲಿಗೆ ಒಣಗಿ ದನಿ ಸೋಲುತ್ತಿತ್ತು. ಪಟ್ಟಾಭಿ ಹಣೆ ಬಡಿದುಕೊಂಡ. "ಹತ್ತು ದಿನ ಯಂತ್ರ ಬಿಚ್ಚಿದೆನಲ್ಲ! ನಾನೂ ಒಂದು ಕುರಿ."

"ಕುರೀನ ಬಯ್ಬೇಡಿ. ಅವಕ್ಕೆ ಉಪ್ಪು ಎಲ್ಲೈತೆ ಅಂತ ಗೊತ್ತಿತ್ತು."

ಆಳುಗಳು ಆಗಲೇ ಬೇಲಿಗೆ ಮುಳ್ಳು ಕಡಿಯಲು ಹೊರಟರು. ಸಿರಿಯಮ್ಮ ತಡೆದಳು. ಉಪ್ಪಿನ ರುಚಿ ಹತ್ತಿದ ಕುರಿ ಮುಳ್ಳಿಗೆ ನಿಲ್ಲುವುದಿಲ್ಲ, ಬೇರೆ ಕಡೆ ಉಪ್ಪಿಟ್ಟರೆ ಇತ್ತ ಬರುವುದಿಲ್ಲ ಎಂದಳು. ಪಟ್ಟಾಭಿ ಒಪ್ಪಿದ. ಒಪ್ಪಿದ್ದು ಅವನ ದೊಡ್ಡತನ. ಅವಳು ದಕ್ಷಿಣದ ಇಳಿಜಾರಿನ ಚಪ್ಪಟೆ ಬಂಡೆಯ ಮೇಲೆ ಉಪ್ಪು ಹರಡಿದಳು. ಕುರುಬರು ಕುರಿಗೆ ಉಪ್ಪು ಕೊಡುವುದೇ ಹಾಗೆ. ಕುರಿಗಳು ನೆಕ್ಕಿದವು, ಪಕ್ಕದ ದೊಣೆಯಲ್ಲಿ ನೀರು ಕುಡಿದವು, ಕಂಬದ ಕಡೆ ತಿರುಗಲಿಲ್ಲ. ಭಾನುವಾರ ಹೊತ್ತು ಇಳಿಯುವಾಗ ಅವಳೇ ಎರಡು ಕೊಡ ನೀರು ಹೊತ್ತು ತಂದು ಗುಂಡಿಗೆ ಹುಯ್ದಳು. ಪೇಟೆ ಚೌಕದಲ್ಲಿ ದನಿ ಸ್ಪಷ್ಟವಾಗಿ ಕೇಳಿಸಿತು. ಮುಂದೆ ಅವಳು ಬದುಕಿದ್ದಷ್ಟು ದಿನವೂ ಆ ನೀರು ತಪ್ಪಲಿಲ್ಲ ಎನ್ನುತ್ತಾರೆ. ಜನ ಕರಿಗುಡ್ಡವನ್ನು ಉಪ್ಪುಗುಡ್ಡ ಎಂದು ಕರೆಯತೊಡಗಿದ್ದು ಆ ಬಂಡೆಯಿಂದ.

ಈಗ ಹೋದವರು ಉಪ್ಪಿನ ಗಣಿ ಎಲ್ಲಿ ಎಂದು ಕೇಳುತ್ತಾರೆ. ಗಣಿ ಎಂದೂ ಇರಲಿಲ್ಲ. ನೆತ್ತಿಯಲ್ಲಿ ಗಾರೆಯ ಬುನಾದಿ ಇದೆ. ದಕ್ಷಿಣಕ್ಕೆ, ನಾಲಿಗೆಗಳು ನೆಕ್ಕಿ ನೆಕ್ಕಿ ನುಣುಪಾದ ಬಂಡೆ ಇದೆ. ಮಧ್ಯಾಹ್ನದ ಮೇಲೆ ಹೋದರೆ ಕುರಿಗಳೂ ಇರುತ್ತವೆ. ಕಂಬವನ್ನು ಬಿಚ್ಚಿ ಒಯ್ದು ಬಹಳ ವರ್ಷವಾಯಿತು. ಬೇಲಿಯನ್ನು ಯಾರೂ ಹಾಕಲಿಲ್ಲ.