ಬೋರಿ ತನ್ನ ಮರಿಗೆ ಕೊಡಿಸಿದ ತುತ್ತು

ಕುರಿಹಟ್ಟಿಯ ಕಾವಲು ನಾಯಿ ಬೋರಿಗೆ ಹಾಲು ಬತ್ತಿತು. ಕುರಿಗಾಹಿ ಅದರ ಒಂಟಿ ಮರಿಗೆ ದಿನಾ ಮಜ್ಜಿಗೆಯಲ್ಲಿ ರಾಗಿಮುದ್ದೆ ಕಿವುಚಿ ಇಡುತ್ತಿದ್ದ. ಮರಿ ಮೂಸಿ ನೋಡಿ ಮುಖ ತಿರುಗಿಸುತ್ತಿತ್ತು. ಪಕ್ಕೆಲುಬು ಎಣಿಸುವ ಹಾಗೆ ಸೊರಗಿತ್ತು. ಕತ್ತಲಾದರೆ ಕುರಿಮರಿಗಳ ನಡುವೆ ಬೆಚ್ಚಗೆ ಮಲಗುವುದೊಂದೇ ಅದಕ್ಕಿದ್ದ ಸುಖ.

ಬೇಲಿಯ ಮೇಲೆ ಕೂತ ಕಾಗೆ ಹೇಳಿತು: "ಬೋರಕ್ಕಾ, ನಿನ್ನೆ ಸತ್ತ ಕುರಿಮರಿಯನ್ನು ಹಳ್ಳದಾಚೆ ಎಸೆದಿದ್ದಾರೆ. ಒಂದು ತುಂಡು ತಂದು ಹಾಕಲೇ? ನಿನ್ನ ಮಗ ಹೇಗೆ ತಿನ್ನುತ್ತಾನೆ ನೋಡುವೆಯಂತೆ."

"ಬೇಡ. ಕಾಯುವ ನಾಯಿಗೆ ಹಟ್ಟಿಯ ಮಾಂಸ ತೋರಿಸಬಾರದು. ನಮ್ಮಮ್ಮ ನನಗೆ ಒಂದು ದಿನವೂ ತೋರಿಸಲಿಲ್ಲ."

"ಸತ್ತದ್ದನ್ನು ತಿಂದರೆ ಯಾರಿಗೇನು ನಷ್ಟ? ಮಗ ಹಸಿದು ಸಾಯುತ್ತಿದ್ದಾನೆ. ನೀನು ಅವನಿಗೆ ಕಟ್ಟಳೆ ಉಣಿಸುತ್ತೀಯಾ?"

ಬೋರಿ ಮುಖ ಆಚೆ ತಿರುಗಿಸಿಕೊಂಡಿತು. ಕಾಗೆ ತಂದು ಹಾಕಿದ್ದನ್ನು ಮರಿ ಗಬಗಬನೆ ತಿಂದು, ಎಷ್ಟೋ ದಿನಗಳ ಮೇಲೆ ಬಾಲ ಆಡಿಸಿತು. ತಾಯಿಯ ಕಣ್ಣು ತುಂಬಿ ಬಂತು.

ಸಂಜೆ ಮರಿ ಎಂದಿನಂತೆ ಕುರಿಮರಿಗಳ ನಡುವೆ ನುಗ್ಗಿತು. ಅವು ಒಂದೊಂದಾಗಿ ಎದ್ದು ಬೇಲಿಗೆ ಒತ್ತಿಕೊಂಡು ನಿಂತವು.

"ಯಾಕ್ರೋ ಮಕ್ಕಳೇ? ನಾಳೆ ನಿಮ್ಮನ್ನು ಕಾಯುವವನೇ ಇವನು," ಎಂದಿತು ಬೋರಿ.

ಎಲ್ಲಕ್ಕಿಂತ ಚಿಕ್ಕದು ನಡುಗುತ್ತ ಹೇಳಿತು: "ದೊಡ್ಡಮ್ಮಾ, ಅವನ ಬಾಯಲ್ಲಿ ನಮ್ಮಣ್ಣನ ವಾಸನೆ ಇದೆ."

ಬೋರಿ ಮರಿಯನ್ನು ಎಳೆದುಕೊಂಡು ಅದರ ಬಾಯಿಯನ್ನು ನೆಕ್ಕಿತು. ವಾಸನೆ ಹೋಗುವವರೆಗೂ ಬಿಡದೆ ನೆಕ್ಕಿತು. ಆಮೇಲೆ "ಈಗ ಬನ್ನಿ" ಎಂದು ತಲೆಯೆತ್ತಿದಾಗ, ಕುರಿಮರಿಗಳು ಬೋರಿಯ ಬಾಯನ್ನೂ ಮೂಸಿ ಹಿಂದೆ ಸರಿದವು.