ಬಾಣಂತಿ ಕೋಣೆ

“ಗುರುಗಳೇ, ಆಶ್ರಮದ ಹಳೆಯ ಇಟ್ಟಿಗೆ ಛತ್ರದಲ್ಲಿ ದಾರಿಹೋಕರು ಒಲೆ ಹೂಡುತ್ತಾರೆ. ಗೋಡೆಗಳು ಕಪ್ಪಾಗುತ್ತಿವೆ. ಅಂಥ ಕಟ್ಟಡ ಈ ಸುತ್ತಿನಲ್ಲಿ ಮತ್ತೊಂದಿಲ್ಲ. ಜನರನ್ನು ಒಳಗೆ ಬಿಡದೆ ಅದನ್ನು ಕಾಪಾಡಬಾರದೇ?” ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ವರ್ತಕನಿದ್ದ. ತಂದೆತಾಯಿ ತೀರಿಕೊಂಡಿದ್ದರು. ಒಬ್ಬಳೇ ತಂಗಿ, ಅವಳನ್ನು ದೂರದ ಊರಿಗೆ ಮದುವೆ ಮಾಡಿ ಕೊಟ್ಟಿದ್ದ. ಅವನು ವಾಸವಾಗಿದ್ದುದು ಮುತ್ತಜ್ಜನ ತಂದೆ ಕಟ್ಟಿಸಿದ ಇಟ್ಟಿಗೆಯ ಮನೆಯಲ್ಲಿ. ಅದನ್ನು ಕಟ್ಟಿಸಿದ ಕಾಲಕ್ಕೆ ಊರಿನ ಉಳಿದ ಮನೆಗಳೆಲ್ಲ ಮಣ್ಣಿನವು.

ಮನೆಯ ಒಳಭಾಗದಲ್ಲಿ ಒಂದು ಚಿಕ್ಕ ಕೋಣೆಯಿತ್ತು. ಅದಕ್ಕೆ ತೊಲೆಯಿಲ್ಲ, ಜಂತೆಯಿಲ್ಲ. ತೆಳುವಾದ ಇಟ್ಟಿಗೆಗಳನ್ನು ಸುಣ್ಣದ ಗಾರೆಯಲ್ಲಿ ಕೂಡಿಸಿ, ಕಮಾನಾಗಿ ಬಾಗಿಸಿ ಮೇಲೆ ಮುಚ್ಚಿದ್ದರು. ಒಂದು ಗೋಡೆಯೊಳಗೆ ಹೊಗೆ ಹಾಯಲು ದಾರಿ ಬಿಟ್ಟಿದ್ದರು. ಆಚೆ ಬಚ್ಚಲಲ್ಲಿ ನೀರು ಕಾಯಿಸಿದರೆ ಈಚೆ ಗೋಡೆ ಬೆಚ್ಚಗಾಗುತ್ತಿತ್ತು. ಅದು ಬಾಣಂತಿ ಕೋಣೆ. ಆ ಮನೆತನದ ಮಕ್ಕಳೆಲ್ಲ ಅಲ್ಲಿ ಹುಟ್ಟಿದವರು. ಕೊಟ್ಟ ಹೆಣ್ಣುಮಕ್ಕಳು ಚೊಚ್ಚಲ ಹೆರಿಗೆಗೆ ಅಲ್ಲಿಗೇ ಬರುತ್ತಿದ್ದರು.

ಒಮ್ಮೆ ಒಬ್ಬ ವಿದ್ವಾಂಸ ಬಂದು ಆ ಕೋಣೆಯನ್ನು ಕಂಡು ಬೆರಗಾದ. ಇಂಥ ಗೋಡೆ ಈ ಸೀಮೆಯಲ್ಲೇ ಇಲ್ಲ, ಇನ್ನು ನೀರು ಹೊಗೆ ಸೋಕಿದರೆ ಇಟ್ಟಿಗೆ ಉದುರುತ್ತದೆ, ಜೋಪಾನ ಎಂದ. ಅಲ್ಲಿಯವರೆಗೆ ವರ್ತಕನಿಗೆ ಅದು ಒಂದು ಕೋಣೆಯಾಗಿತ್ತು. ಅಂದಿನಿಂದ ಅದು ಅವನ ಹೆಮ್ಮೆಯಾಯಿತು. ಮಸಿಯನ್ನು ಉಜ್ಜಿಸಿದ. ಬಚ್ಚಲ ಒಲೆಯನ್ನು ಕೀಳಿಸಿದ. ನೋಡಲು ಜನ ಬರತೊಡಗಿದರು. ಅವರನ್ನು ಹೊಸ್ತಿಲ ಹೊರಗೇ ನಿಲ್ಲಿಸಿ, ಅಲ್ಲಿ ಹುಟ್ಟಿದ ಹಿರಿಯರ ಹೆಸರುಗಳನ್ನು ಹೇಳುತ್ತಿದ್ದ.

ಮಾಗಿಯಲ್ಲಿ ತಂಗಿ ಚೊಚ್ಚಲ ಹೆರಿಗೆಗೆ ಬಂದಳು. ಅಂಗಡಿಯ ಹಿಂದಿನ ಉಗ್ರಾಣವನ್ನು ಅವಳಿಗಾಗಿ ತೊಳೆಸಿ ಸಿದ್ಧಮಾಡಿರುವುದನ್ನು ಕಂಡಳು.

“ಅಣ್ಣಾ, ಅಮ್ಮ ನನ್ನನ್ನು ಹೆತ್ತದ್ದು ಒಳಗಿನ ಕೋಣೆಯಲ್ಲಿ.”

“ಗೊತ್ತಮ್ಮ. ಆದರೆ ಎರೆಯುವ ನೀರು, ಸಾಂಬ್ರಾಣಿ ಹೊಗೆ ಇವೆಲ್ಲ ಆ ಇಟ್ಟಿಗೆಗೆ ಆಗುವುದಿಲ್ಲವಂತೆ. ತಿಳಿದವರು ಹೇಳಿದ್ದಾರೆ. ನಮ್ಮ ಮುತ್ತಜ್ಜ ಹುಟ್ಟಿದ ಜಾಗ ಅದು.”

“ಮುತ್ತಜ್ಜನಿಗೆ ನೀರು ಎರೆಯಲಿಲ್ಲವೇನು? ಹಾಗೇ ಒರೆಸಿ ಮಲಗಿಸಿದರೇ?”

ಅವನು ನಕ್ಕುಬಿಟ್ಟ. “ಮದುವೆಯಾದರೂ ನಿನ್ನ ಬಾಯಿ ಕಡಿಮೆಯಾಗಲಿಲ್ಲ. ನಿನಗೆ ಇಲ್ಲಿ ಏನು ಕೊರತೆ ಹೇಳು?”

ಕೊರತೆಯೇನೂ ಇರಲಿಲ್ಲ. ಅವನು ಕೆಟ್ಟವನಲ್ಲ. ಹೊಸ ಹಾಸಿಗೆ ತರಿಸಿದ್ದ, ಒಳ್ಳೆಯ ಸೂಲಗಿತ್ತಿಯನ್ನು ಗೊತ್ತುಮಾಡಿದ್ದ, ಅಗ್ಗಿಷ್ಟಿಕೆಗೆ ಇದ್ದಿಲು ತುಂಬಿಸಿಟ್ಟಿದ್ದ. ಉಗ್ರಾಣದ ಹೆಂಚುಗಳ ಸಂದಿಯಿಂದ ಗಾಳಿ ಬರುತ್ತಿತ್ತು. ಹೆಣ್ಣು ಮಗು ಹುಟ್ಟಿತು. ದಿನ ತುಂಬುವ ಮೊದಲೇ ಹುಟ್ಟಿದ ಮಗು. ತಾಯಿ ಅದನ್ನು ಎದೆಯಿಂದ ಇಳಿಸಲಿಲ್ಲ. ಆದರೂ ಅದು ಆ ಚಳಿಯನ್ನು ತಾಳಲಾರದೆ ತೀರಿಕೊಂಡಿತು.

ತಂಗಿ ಅತ್ತಳು, ಆದರೆ ಯಾರನ್ನೂ ದೂರಲಿಲ್ಲ. ಮೈ ಸುಧಾರಿಸಿದ ಮೇಲೆ ಗಂಡನ ಮನೆಗೆ ಹೊರಟುಹೋದಳು.

ಗೌರಿ ಹಬ್ಬಕ್ಕೆ ವರ್ತಕ ತಾನೇ ಬಾಗಿನ ತೆಗೆದುಕೊಂಡು ಅವಳ ಊರಿಗೆ ಹೋದ. ಅವಳು ಕಾಲಿಗೆ ನೀರು ಕೊಟ್ಟಳು. ಎಲೆ ಹಾಕಿ ಬಡಿಸಿದಳು. ಅವನಿಗೆ ಇಷ್ಟವಾದುದನ್ನೇ ಮಾಡಿದ್ದಳು. ಊಟವಾದ ಮೇಲೆ ಅವನು ತಲೆ ಎತ್ತದೆ ಕೇಳಿದ.

“ಮನೆಗೆ ಯಾವಾಗ ಬರುತ್ತೀಯಮ್ಮ?”

“ಬರುತ್ತೇನಣ್ಣ,” ಎಂದಳು ಅವಳು. “ನೋಡಲು ಜನ ಬರುವ ದಿನ ಹೇಳಿಕಳಿಸು. ಅವರ ಜೊತೆ ಹೊಸ್ತಿಲ ಹೊರಗೆ ನಿಂತು ನೋಡಿಕೊಂಡು ಹೋಗುತ್ತೇನೆ.”

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ, “ಆ ಮನೆ ಏನಾಯಿತು, ಗುರುಗಳೇ? ಬಿದ್ದುಹೋಯಿತೇ?” ಎಂದು ಕೇಳಿದ.

“ಇಲ್ಲ ಮಗೂ, ಮನೆ ಗಟ್ಟಿಯಾಗಿ ನಿಂತಿದೆ, ಬಿದ್ದದ್ದು ಅವಳ ತವರು.”