ಇನ್ನೂರು ಹೆಸರಿಟ್ಟವನು

“ಗುರುಗಳೇ, ನಾಡು ನಮ್ಮ ಕೈಗೆ ಬಂದು ವರ್ಷ ತುಂಬಿತು. ನಾಡು ಕಟ್ಟೋಣ ಬನ್ನಿ ಎಂದು ಊರೂರು ತಿರುಗಿ ಜನರನ್ನು ಕರೆದೆ. ಗಂಟಲು ಹರಿದುಹೋಯಿತು, ಒಬ್ಬರೂ ಏಳಲಿಲ್ಲ. ಇಂಥ ಜನವನ್ನು ಕಟ್ಟಿಕೊಂಡು ಏನು ಮಾಡಲಿ?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು: “ಒಬ್ಬ ಗಂಡಸು ಒಂದೇ ಮಧ್ಯಾಹ್ನ ಇನ್ನೂರು ಹೆಂಗಸರಿಗೆ ನಾಮಕರಣ ಮಾಡಿದ. ಅವರಲ್ಲಿ ಒಬ್ಬಳೂ ತೊಟ್ಟಿಲ ಕೂಸಲ್ಲ. ಸುಳ್ಳು ಎನ್ನುವುದಿದ್ದರೆ ಈಗಲೇ ಅನ್ನು, ಆಮೇಲೆ ನಿನ್ನಿಂದಾಗದು.”

ಅನ್ನುವುದಿಲ್ಲ ಎಂದು ಶಿಷ್ಯ ತಲೆಯಾಡಿಸಿದ. ಗುರುಗಳು ಕತೆ ತೆಗೆದರು.

ಹೊಸದಾಗಿ ಹುಟ್ಟಿದ ಒಂದು ನಾಡು. ರಾಜ ಹೋಗಿದ್ದ. ಇನ್ನು ಆಳುವವರನ್ನು ಜನರೇ ಆರಿಸಬೇಕಿತ್ತು. ಅದಕ್ಕೆ ಮೊದಲು ಎಲ್ಲರ ಹೆಸರೂ ಪಟ್ಟಿಗೆ ಬರಬೇಕಿತ್ತು. ಒಂದು ಹಳ್ಳಿಯ ಪಟ್ಟಿಯನ್ನು ಅದೇ ಊರಿನ ಯುವಕನೊಬ್ಬನಿಗೆ ವಹಿಸಿದರು. ಊರಲ್ಲಿ ಏಳನೆಯ ತರಗತಿ ದಾಟಿದವನು ಅವನೊಬ್ಬನೇ. ಅದನ್ನು ಮರೆಯಲು ಅವನು ಯಾರಿಗೂ ಬಿಟ್ಟಿರಲಿಲ್ಲ. “ಬೇರೆಯವರಿಗೆ ತಿಂಗಳು ಬೇಕು. ನನಗೆ ಮೂರು ದಿನ ಸಾಕು” ಎಂದು ಅಧಿಕಾರಿಯ ಮುಂದೆ ಎದೆ ತಟ್ಟಿಕೊಂಡು ಬಂದ.

ಗಂಡಸರ ಹೆಸರು ಎರಡು ದಿನಕ್ಕೆ ಮುಗಿಯಿತು. ಮೂರನೆಯ ದಿನ ಮೊದಲ ಹೆಂಗಸಿನ ಮುಂದೆಯೇ ಗಾಡಿ ಹೂತುಕೊಂಡಿತು.

“ನಿನ್ನ ಹೆಸರೇನಮ್ಮ?”

“ಬಾವಿಕಟ್ಟೆಯೋಳು.”

“ಅದು ನಿನ್ನ ತವರೂರು. ಹೆಸರು ಹೇಳು.”

“ಸೊಸೆಯಾಗಿ ಬಂದ ಮೇಲೆ ಇನ್ಯಾವ ಹೆಸರಪ್ಪ? ಎಲ್ರೂ ಹಂಗೇ ಕರೆಯೋದು.”

“ಹೋಗಲಿ, ಗಂಡನ ಹೆಸರಾದರೂ ಹೇಳು.”

“ಅಯ್ಯೋ, ನಿನ್ ಬಾಯಿಗೆ ಮಣ್ಣು ಹಾಕ! ಅದನ್ನ ಬಾಯಲ್ಲಿ ಹೇಳ್ತಾರಾ?” ಎಂದು ಅವಳು ಬಾಗಿಲು ಹಾಕಿಕೊಂಡಳು.

ಹತ್ತು ಮನೆ ತಿರುಗಿದ. ಒಬ್ಬಳು ಯಾರದೋ ಅವ್ವ, ಇನ್ನೊಬ್ಬಳು ಯಾರದೋ ಅತ್ತಿಗೆ. ಇಂಥವನ ತಾಯಿ, ಇಂಥವನ ಹೆಂಡತಿ ಎಂದು ಬರೆದರೆ ಆ ಸಾಲನ್ನೇ ಹೊಡೆದುಹಾಕುತ್ತೇವೆ ಎಂದು ಮೇಲಿನಿಂದ ಅಪ್ಪಣೆಯಾಗಿತ್ತು. “ಥತ್! ಈ ಊರಲ್ಲಿ ಎತ್ತಿಗೂ ಹೆಸರಿದೆ!” ಎಂದು ಯುವಕ ಹೊಂಗೆ ಮರದ ಕೆಳಗೆ ಕುಕ್ಕರಿಸಿದ. ತಾನೇ ಹೆಸರಿಡತೊಡಗಿದ. ನದಿಗಳು ಮುಗಿದವು. ದೇವಿಯರು ಮುಗಿದರು. ಬಯಲಾಟದ ರಾಣಿಯರೂ ಸಾಲದಾದಾಗ ಅವರ ಸಖಿಯರನ್ನು ಎಳೆದು ತಂದ.

ತನ್ನ ತಾಯಿಯ ಸಾಲಿಗೆ ಬಂದಾಗ ಲೇಖನಿ ನಿಂತಿತು. ಅವನಿಗೂ ಅವಳು ಬರೀ ಅವ್ವ. ಮನೆ ಕೂಗಿದರೆ ಕೇಳುವಷ್ಟು ಹತ್ತಿರವಿತ್ತು. ಅವನು ಏಳಲಿಲ್ಲ. ಎಲ್ಲಕ್ಕಿಂತ ದೊಡ್ಡದೆಂದು ಎತ್ತಿಟ್ಟಿದ್ದ ‘ರಾಜರಾಜೇಶ್ವರಿ’ಯನ್ನು ಅವಳಿಗೆ ಬರೆದ.

ಪಟ್ಟಿ ಹೇಳಿದ ದಿನಕ್ಕೇ ಮುಟ್ಟಿತು. ಒಂದು ಸಾಲಿಗೂ ಗೆರೆ ಬೀಳಲಿಲ್ಲ. ಅಧಿಕಾರಿ ಬೆನ್ನು ತಟ್ಟಿದ. ಯುವಕ ಎರಡು ತಿಂಗಳು ಆ ಬೆನ್ನನ್ನು ಊರಿಗೆಲ್ಲ ತೋರಿಸಿಕೊಂಡು ತಿರುಗಿದ.

ಓಟಿನ ದಿನ ಬಂತು. ತಾಯಿ ಮದುವೆಯ ಸೀರೆ ಉಟ್ಟಳು. “ನಾಡನ್ನ ಯಾರು ಆಳ್ಬೇಕು ಅಂತ ನನ್ನೂ ಕೇಳ್ತಾರಂತೆ ಕಣ್ರೇ” ಎಂದು ದಾರಿಯುದ್ದಕ್ಕೂ ಹೇಳಿಕೊಂಡು ಬಂದಳು. ಹೆಂಗಸರ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತಳು.

ಅಧಿಕಾರಿ ಹೆಸರು ಕೂಗಿದ. ಗಂಡಸರು ಒಬ್ಬೊಬ್ಬರಾಗಿ ಒಳಗೆ ಹೋಗಿ ಬಂದರು. ಆಮೇಲೆ “ಗೋದಾವರಿ” ಎಂದ. ಯಾರೂ ಕದಲಲಿಲ್ಲ. “ತುಂಗಭದ್ರೆ” ಎಂದ. ಯಾರೂ ಇಲ್ಲ. ಅವನು ಕೂಗುತ್ತಲೇ ಹೋದ. ಹೆಂಗಸರು ತಮ್ಮನ್ನು ಕರೆಯುತ್ತಾರೆಂದು ಬಿಸಿಲಲ್ಲಿ ಕಾಯುತ್ತಲೇ ನಿಂತರು.

“ರಾಜರಾಜೇಶ್ವರಿ!”

ಯುವಕ ಓಡಿಬಂದ. “ಅವ್ವಾ, ಅದು ನೀನೇ ಕಣವ್ವ! ಹೂಂ ಅನ್ನು, ಒಳಗೆ ನಡಿ!”

“ನಾನ್ಯಾಕ್ಲಾ ಅವಳಾಗ್ಲಿ? ಪಾಪ, ಆಮೇಲೆ ಆಯಮ್ಮ ಬಂದ್ರೆ ಅವಳ ಓಟು ಏನಾಗ್ಬೇಕು?”

ಓಟಿನ ಕೋಣೆಯ ಬಾಗಿಲು ಮುಚ್ಚುವವರೆಗೂ ತಾಯಿ ಅಲ್ಲೇ ನಿಂತಿದ್ದಳು. ಆಮೇಲೆ ಮನೆಯ ದಾರಿ ಹಿಡಿದಳು. ಹಿಂದೆ ಮಗ ಕೂಗಾಡುತ್ತ ನಡೆದ. “ಒಂದು ಹೂಂ ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ಇನ್ನೂರು ಜನದಲ್ಲಿ ಒಬ್ಬಳೂ ಬಾಯಿ ಬಿಡಲಿಲ್ಲವಲ್ಲ! ನನ್ನ ಮರ್ಯಾದೆ ಮೂರು ಕಾಸಾಯ್ತು. ಅಲ್ಲ, ನಿನ್ನ ಹೆಸರಾದ್ರೂ ಏನವ್ವ?”

ತಾಯಿ ನಿಂತಳು. ತಿರುಗಿ ಮಗನ ಮುಖ ನೋಡಿದಳು.

“ಕೆಂಚವ್ವ” ಎಂದಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ, “ಆ ಪಟ್ಟಿ ಏನಾಯಿತು?” ಎಂದ.

“ಪಟ್ಟಿಯ ಮಾತು ಬಿಡು. ಆ ಇನ್ನೂರು ಹೆಂಗಸರಲ್ಲಿ ಅವನಿಗೆ ಸಿಕ್ಕಿದ ನಿಜವಾದ ಹೆಸರು ಅದೊಂದೇ, ಅದೂ ಕೊನೆಗೆ ಅವಳನ್ನೇ ಕೇಳಿದ ಮೇಲೆ.”